ಇಂದಿನ ಧಮ್ಮ ಚಿಂತನೆ: ಸೌದೆ ಕಟ್ಟಿನೊಳಗಿನ ಹುಳು



ಚಿಕ್ಕಂದಿನಲ್ಲಿ ಜಾಲಿ ಗಿಡದಿಂದ ಜೀರ್ಜಿಂಬೆ ಹಿಡಿದು ಬೆಂಕಿಪೊಟ್ಟಣದಲ್ಲಿ ಸಾಕಿದವರು ಈ ಗುಂಪಿನಲ್ಲಿ ಅನೇಕರಿದ್ದೀರಿ. ಅದೇ ವಂಶದ ಒಂದು ಪುಟ್ಟ ಹುಳುವಿನ ಬಗ್ಗೆ ಮೊನ್ನೆ ಓದಿದೆ. ಪಚ್ಚೆ ಬಣ್ಣ, ಲೋಹದಂಥ ಹೊಳಪು, ಉದ್ದ ಒಂದು ಸೆಂಟಿಮೀಟರ್ ಆಸುಪಾಸು. ಹುಟ್ಟೂರು ಚೀನಾ, ಕೊರಿಯಾ ಕಡೆ. ಅಮೆರಿಕದ ಡೆಟ್ರಾಯಿಟ್ ಸುತ್ತ ಆ್ಯಶ್ ಮರಗಳು ಒಣಗತೊಡಗಿದಾಗ, 2002ರಲ್ಲಿ ಅಲ್ಲಿ ಸಿಕ್ಕಿಬಿತ್ತು. ಅಷ್ಟರಲ್ಲಿ ಅದು ಬಂದು ಹತ್ತು ವರ್ಷವೇ ಆಗಿತ್ತಂತೆ. ಆಮೇಲೆ ಕೋಟಿಗಟ್ಟಲೆ ಮರ ಸತ್ತವು.

ಹೊಳೆಯುವ ರೆಕ್ಕೆಯ ಹುಳು ಎಲೆ ತಿನ್ನುತ್ತದೆ ಅಷ್ಟೆ, ಅದರಿಂದ ಮರಕ್ಕೆ ದೊಡ್ಡ ಹಾನಿಯಿಲ್ಲ. ಕೊಲ್ಲುವುದು ಮರಿಹುಳು. ತೊಗಟೆಯ ಕೆಳಗೆ ಅಂಕುಡೊಂಕಾಗಿ ಕೊರೆಯುತ್ತಾ, ಎಲೆಯಿಂದ ಬೇರಿಗೆ ಆಹಾರ ಇಳಿಯುವ ದಾರಿಯನ್ನೇ ಕಡಿಯುತ್ತದೆ. ಹೊರಗೆ ಮರ ಹಸಿರಾಗಿಯೇ ಇರುತ್ತದೆ. ನೆತ್ತಿ ಬೋಳಾಗುವ ಹೊತ್ತಿಗೆ ಬಹಳಷ್ಟು ಸಲ ಕಾಲ ಮೀರಿರುತ್ತದೆ.

ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಈ ಹುಳು ತಾನಾಗಿ ಬಹಳ ದೂರ ಹಾರುವುದಿಲ್ಲ. ದೂರದೂರದ ಊರುಗಳಿಗೆ ಅದನ್ನು ಹೊತ್ತವರು ಮನುಷ್ಯರೇ. ರಜೆಗೆ ಹೊರಟವರು ಬೆಂಕಿ ಹಾಕಿಕೊಳ್ಳಲೆಂದು ವಾಹನದಲ್ಲಿ ಇಟ್ಟುಕೊಂಡ ಸೌದೆಯೊಳಗೆ ಅದಿತ್ತು. ಪಾಪ, ಅವರಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂಬುದೂ ಒಂದು. ನಾನು ಅದನ್ನು ಸ್ವೀಕರಿಸಿದ್ದೇನೆ, ಎಷ್ಟೋ ಮಂದಿಗೆ ಹೇಳಿಕೊಟ್ಟಿದ್ದೇನೆ. ಹೋದ ತಿಂಗಳು ಅಕ್ಕನ ಮಗಳಿಗೆ ಒಂದು ಸಂಬಂಧ ಬಂತು. ಬೌದ್ಧರ ಮನೆ. ಹುಡುಗ ಓದಿದವನು, ಕುಡಿತವಿಲ್ಲ, ವರದಕ್ಷಿಣೆಯ ಮಾತಿಲ್ಲ. ಎಲ್ಲ ಕೇಳಿಸಿಕೊಂಡು ನಾನು ಮೆಲ್ಲಗೆ ಕೇಳಿದೆ, "ಅವರು ಎಡಗೈನೋ, ಬಲಗೈನೋ?"

ಅಕ್ಕ ಒಲೆ ಕಡೆ ತಿರುಗಿದಳು. ಹುಡುಗಿ ಪುಸ್ತಕದಿಂದ ತಲೆಯೆತ್ತಿ ನನ್ನನ್ನು ನೋಡಿದಳು. "ಸುಮ್ಮನೆ ಕೇಳಿದೆ ಕಣಮ್ಮ" ಅಂದೆ. ಸುಮ್ಮನೆ ಕೇಳಿದ್ದಲ್ಲ. ಉತ್ತರ ಬೇರೆಯಾಗಿದ್ದರೆ ಆ ಸಂಬಂಧದಲ್ಲಿ ಏನಾದರೂ ಕೊರತೆ ಹುಡುಕುತ್ತಿದ್ದೆ, ಅದು ನನಗೇ ಗೊತ್ತು.

ಹುಳು ಇದೆಯೋ ಇಲ್ಲವೋ ಎಂದು ತಿಳಿಯಲು ಅಲ್ಲಿನ ಅರಣ್ಯದವರು ಮರದ ತೊಗಟೆ ಸುಲಿದು ನೋಡುತ್ತಾರೆ. ಆರಂಭದಲ್ಲಿ ಹೊರಗಿನಿಂದ ನೋಡಿ ಹೇಳುವುದು ಕಷ್ಟ. ನಾಲ್ಕು ವಾರದಿಂದ ಬೆಳಗಿನ ಧ್ಯಾನದಲ್ಲಿ ನನಗೆ ಆ ಒಂದು ಪ್ರಶ್ನೆಯೇ ಎದುರಾಗುತ್ತಿದೆ. ನಮ್ಮನ್ನು ಊರಾಚೆ ಇಟ್ಟವರ ಸೌದೆಯನ್ನು ನಾನೇಕೆ ಹೊತ್ತು ತಂದೆ?

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಹುಡುಗಿಯ ಮುಂದೆ ತಪ್ಪು ಒಪ್ಪಿಕೊಂಡೆ. "ನನಗೆ ಹೇಳಿದ್ದು ಸರಿ ಮಾಮ, ಅವರಿಗೂ ಹೇಳಿ" ಅಂದಳು.

ನಾಳೆ ಅವರ ಮನೆಗೆ ಹೊರಟಿದ್ದೇವೆ.

ಜೈ ಭೀಮ್.