ನೋಡಿದ್ದೆಷ್ಟು, ನುಡಿದಿದ್ದೆಷ್ಟು

1878ರ ನವೆಂಬರ್‌ನಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಒಂದು ಚಿತ್ರದ ಯೋಗ್ಯತೆಯ ವಿಚಾರಣೆ ನಡೆಯಿತು. ರಾತ್ರಿಯ ಆಗಸದಿಂದ ಬಾಣಬಿರುಸಿನ ಕಿಡಿಗಳು ಉದುರುವುದನ್ನು ಕಲಾವಿದ ಜೇಮ್ಸ್ ವಿಸ್ಲರ್ ಬರೆದಿದ್ದ. ಹಿಂದಿನ ವರ್ಷ ಪ್ರದರ್ಶನಕ್ಕಿಟ್ಟಾಗ ಅದರ ಬೆಲೆ 200 ಗಿನಿ. ಅದನ್ನು ಕಂಡ ವಿಮರ್ಶಕ ಜಾನ್ ರಸ್ಕಿನ್, ಜನರ ಮುಖಕ್ಕೆ ಬಣ್ಣ ಎರಚಿ ದುಡ್ಡು ಕೇಳುವ ಉದ್ಧಟತನವಿದು ಎಂದು ಹೀಗಳೆದು ಅಚ್ಚು ಹಾಕಿಸಿದ. ವಿಸ್ಲರ್ ಮಾನನಷ್ಟದ ದಾವೆ ಹೂಡಿ ಗೆದ್ದ. ಪರಿಹಾರವಾಗಿ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಖಟ್ಲೆಯ ಖರ್ಚು ಮೈಮೇಲೆ ಬಂದು, ಮರುವರ್ಷ ಅವನು ದಿವಾಳಿಯಾದ.

ರಸ್ಕಿನ್ ಅರಸಿಕನಾಗಿದ್ದರೆ ಈ ಪ್ರಸಂಗವನ್ನು ನೆನೆಯಬೇಕಾಗಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಅವನನ್ನು ಬಲ್ಲದ್ದು ಗಾಂಧೀಜಿಯ ಮೂಲಕ. ಅವರು ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ತಂದದ್ದು ಇವನದೇ ಪುಸ್ತಕ. ಆದರೆ ಅದಕ್ಕೂ ಮೊದಲು, 1843ರಲ್ಲಿ, ಇಪ್ಪತ್ತನಾಲ್ಕರ ತರುಣ ರಸ್ಕಿನ್ ‘ಮಾಡರ್ನ್ ಪೇಂಟರ್ಸ್’ ಗ್ರಂಥದ ಮೊದಲ ಸಂಪುಟ ಹೊರತಂದಿದ್ದ. ಆ ಗ್ರಂಥ ಎತ್ತಿಹಿಡಿದ ಚಿತ್ರಕಾರ ಟರ್ನರ್ ಆಗ ಇನ್ನೂ ಬದುಕಿದ್ದ. ಅವನ ಚಿತ್ರಗಳನ್ನು ಪತ್ರಿಕೆಗಳು ಗೇಲಿ ಮಾಡುತ್ತಿದ್ದವು. ಮೋಡ ಹೇಗೆ ಅಟ್ಟಿಯಾಗುತ್ತದೆ, ಬಂಡೆ ಹೇಗೆ ಸೀಳುತ್ತದೆ, ಅಲೆ ಹೇಗೆ ಮುರಿಯುತ್ತದೆ ಎಂದು ಪುಟಗಟ್ಟಲೆ ಬರೆದು, ಇವನ್ನೆಲ್ಲ ಟರ್ನರ್ ಕಂಡಿದ್ದಾನೆ ಎಂದು ರಸ್ಕಿನ್ ತೋರಿಸಿಕೊಟ್ಟ. ಐದು ಸಂಪುಟ ಮುಗಿಯಲು 1860 ಆಯಿತು. ಓದುಗ ಅವನ ಮಾತನ್ನು ನಂಬಲೇಬೇಕೆಂದಿರಲಿಲ್ಲ. ಹೊರಗೆ ಹೋಗಿ ಮೋಡ ನೋಡಿ, ಒಳಗೆ ಬಂದು ಚಿತ್ರ ನೋಡಿ, ತಾನೇ ತಾಳೆ ಹಾಕಬಹುದಿತ್ತು.

ವಿಸ್ಲರನ ಚಿತ್ರಕ್ಕೆ ಈ ಭಾಗ್ಯ ಸಿಗಲಿಲ್ಲ. ಅಲ್ಲಿನ ಕತ್ತಲು ಎಂಥದು, ಹೊಗೆ ಎತ್ತ ತೇಲುತ್ತಿದೆ, ಕೆಳಗೆ ನೆರಳಿನಂತೆ ನಿಂತವರು ಯಾರು ಎಂಬ ಒಂದು ಮಾತೂ ರಸ್ಕಿನ್ ಬರಹದಲ್ಲಿ ಇಲ್ಲ. ನೇರವಾಗಿ ಶಿಕ್ಷೆ. ಆ ಬೈಗುಳ ಅಚ್ಚಾದದ್ದು ಕಾರ್ಮಿಕರನ್ನು ಉದ್ದೇಶಿಸಿ ಬರೆದ ಪತ್ರಮಾಲೆಯಲ್ಲಿ ಎಂಬುದು ಗಮನಾರ್ಹ. ದುಡಿಮೆಗೆ ತಕ್ಕ ಬೆಲೆ ಇರಬೇಕೆಂಬ ಕಾಳಜಿ ಅವನದು. ಅರೆಬರೆ ಕೆಲಸಕ್ಕೆ 200 ಗಿನಿಯೇ ಎಂಬ ಸಿಟ್ಟು ಅದರಿಂದಲೇ ಹುಟ್ಟಿತು. ಮತ್ಸರವಾಗಿದ್ದರೆ ಗುರುತಿಸುವುದು ಸುಲಭವಿತ್ತು. ಇಲ್ಲಿ ಕಣ್ಣಿಗೆ ಅಡ್ಡ ಬಂದದ್ದು ಸದುದ್ದೇಶ.

ಈ ಚಿತ್ರ ಬರೆಯಲು ಎಷ್ಟು ದಿನ ಹಿಡಿಯಿತು ಎಂದು ನ್ಯಾಯಾಲಯದಲ್ಲಿ ಪ್ರತಿವಾದಿಯ ವಕೀಲರು ಕೇಳಿದರು. ಎರಡು ದಿನ ಎಂದ ವಿಸ್ಲರ್. ಎರಡು ದಿನದ ದುಡಿಮೆಗೆ ಇಷ್ಟೊಂದು ಹಣವೇ ಎಂದಾಗ, ಬೆಲೆ ದಿನಗಳಿಗಲ್ಲ, ಬದುಕಿಡೀ ಗಳಿಸಿದ ತಿಳಿವಳಿಕೆಗೆ ಎಂದು ಉತ್ತರಿಸಿದ. ಅಚ್ಚುಕಟ್ಟಾದ ಕೆಲಸವೆಂದರೆ ಹೇಗಿರಬೇಕೆಂದು ತೋರಿಸಲು ರಸ್ಕಿನ್ ಪರದವರು ಅವನ ಸಂಗ್ರಹದಿಂದ ಹೆಸರಾಂತ ಹಳೆಯ ಚಿತ್ರಕಾರ ಟಿಷಿಯನ್‌ನದೆನ್ನಲಾದ ಚಿತ್ರವೊಂದನ್ನು ನ್ಯಾಯಾಲಯಕ್ಕೆ ತಂದರು. ಅದು ಟಿಷಿಯನ್ ಬರೆದದ್ದಲ್ಲ, ವೆನಿಸ್ಸಿನ ಕಟೇನಾ ಬರೆದದ್ದು ಎಂದು ಮುಂದೆ ವಿದ್ವಾಂಸರು ತೀರ್ಮಾನಿಸಿದರು. ಅಳೆಯಲು ತಂದ ಗಜಕಡ್ಡಿಗೇ ತಪ್ಪು ಹೆಸರು ಅಂಟಿತ್ತು!

ವಕೀಲರ ಪ್ರಶ್ನೆ ಹಳತಾಗಿಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ “ಎಷ್ಟು ದಿನ ಬೇಕಾಯ್ತು?” ಎಂಬುದನ್ನು ಇಂದಿಗೂ ಕೇಳಬಹುದು. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ನಾಲ್ಕಾರು ಗೆರೆಗಳಲ್ಲಿ ಕುಣಿತದ ಲಯವನ್ನೇ ಹಿಡಿದಿಡುತ್ತಿದ್ದರು. ಗಡಿಯಾರ ಹಿಡಿದು ನಿಂತವನಿಗೆ ಅಲ್ಲಿ ಕಾಣುವುದು ಕೆಲವು ನಿಮಿಷ ಮಾತ್ರ.

ಹಾಗೆಂದು ವಿಸ್ಲರನ ಉತ್ತರವನ್ನು ಗೋಡೆಗೆ ತೂಗುಹಾಕಿಕೊಂಡು ಏನು ಬಳಿದರೂ ಕಲೆಯಾಗದು. ಬದುಕಿಡೀ ಗಳಿಸಿದ್ದು ಕ್ಯಾನ್ವಾಸಿನ ಮೇಲೆ ಕಾಣಬೇಕು. ಈ ಕಿಡಿ ಇಲ್ಲೇ ಯಾಕೆ, ಕತ್ತಲಿಗೆ ಇಷ್ಟೇ ಹಸಿರು ಯಾಕೆ ಬೆರೆಯಿತು ಎಂದು ಕೇಳಿದರೆ ಚಿತ್ರ ಏನಾದರೂ ಉತ್ತರ ಕೊಡಬೇಕು. ಕೊಡದಿದ್ದರೆ ‘ಕಳಪೆ’ ಎನ್ನಲು ಹಿಂಜರಿಯಬೇಕಿಲ್ಲ. ಅಂಥ ಚಿತ್ರಕ್ಕೂ ತಲೆದೂಗುವುದು ಔದಾರ್ಯವಲ್ಲ, ಹೆದರಿಕೆ.

ಚಿತ್ರಕಲೆಯ ಪುಸ್ತಕಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ. ಕಲಾವಿದನ ಹೆಸರನ್ನು ಮರೆಮಾಡಿ, ಅಲ್ಲಿ ಇನ್ನೊಬ್ಬನ ಹೆಸರಿಟ್ಟು ಓದಿ. ‘ಅಸ್ತಿತ್ವದ ತಲ್ಲಣ’, ‘ಅವಕಾಶದೊಡನೆ ಅನುಸಂಧಾನ’ ಮುಂತಾದ ಮಾತುಗಳು ಅವನಿಗೂ ಅಷ್ಟೇ ಸಲೀಸಾಗಿ ಹೊಂದಿಕೊಂಡರೆ, ಬರೆದವನು ಇಬ್ಬರ ಚಿತ್ರಗಳನ್ನೂ ನೋಡಿಲ್ಲ. ಬೆಲೆಯೂ ಈ ನೋಟಕ್ಕೆ ಬದಲಿಯಾಗಲಾರದು. ಚಿತ್ರಕಾರ ಎಂ.ಎಫ್. ಹುಸೇನರ ‘ಗ್ರಾಮಯಾತ್ರಾ’ 2025ರ ಮಾರ್ಚ್‌ನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹರಾಜಾಯಿತು. 1954ರಲ್ಲಿ ಬರೆದ ಚಿತ್ರಕ್ಕೆ ಆ ದಿನ ಒಂದು ಗೆರೆಯೂ ಹೊಸದಾಗಿ ಸೇರಲಿಲ್ಲ.

ರಸ್ಕಿನ್ ಟರ್ನರನನ್ನು ಮೆಚ್ಚಿದ, ವಿಸ್ಲರನನ್ನು ಬೈದ. ಇವುಗಳಲ್ಲಿ ಯಾವುದು ಸರಿಯೆಂದು ಕಾಲ ಹೇಳಿತು ಎನ್ನುವುದು ಸುಲಭ. ಆದರೆ ಕಾಲದ ತೀರ್ಪು ಬರುವಾಗ ನಾವಿರುವುದಿಲ್ಲ. ನಮ್ಮ ಕೈಯಲ್ಲಿರುವುದು ನೋಟದ ಪ್ರಾಮಾಣಿಕತೆಯೊಂದೇ. ಟರ್ನರನ ಬಗೆಗಿನ ಬರಹದಲ್ಲಿ ರಸ್ಕಿನ್ ಎಲ್ಲಿ ಎಡವಿದ್ದಾನೆಂದು ಓದುಗನೇ ತೋರಿಸಬಲ್ಲ, ಯಾಕೆಂದರೆ ತಾನು ಕಂಡದ್ದನ್ನೆಲ್ಲ ಅವನು ಅಲ್ಲಿ ಒಪ್ಪಿಸಿದ್ದಾನೆ. ವಿಸ್ಲರನ ಬಗೆಗಿನ ಮಾತನ್ನು ತಿದ್ದಲು ಅವನು ಯಾರಿಗೂ ಜಾಗ ಬಿಡಲಿಲ್ಲ. ಕೋರ್ಟಿಗೆ ಹೋಗುವುದೊಂದೇ ದಾರಿಯಾಯಿತು. ಚಿತ್ರವೊಂದನ್ನು ಹೊಗಳುವಾಗಲೂ ತೆಗಳುವಾಗಲೂ ಇನ್ನೊಬ್ಬರು ನಮ್ಮನ್ನು ತಿದ್ದಲು ಬೇಕಾದಷ್ಟನ್ನು ಕಂಡು ಹೇಳಿದ್ದೇವೆಯೇ? ಅಷ್ಟು ಮಾಡಿದವನು ತಪ್ಪು ತೀರ್ಪು ಕೊಟ್ಟರೂ ಕಲೆಗೆ ಉಪಕಾರಿ. ಮಾಡದವನ ಸರಿಯಾದ ತೀರ್ಪಿನಿಂದಲೂ ಯಾರೂ ಏನನ್ನೂ ಕಲಿಯಲಾರರು.