ಕೊರಳ ಹಗ್ಗದ ನೋವು


*ಇಂದಿನ ಧಮ್ಮ ಚಿಂತನೆ*



ಮಜ್ಝಿಮ ನಿಕಾಯದ ಜೀವಕ ಸುತ್ತದಲ್ಲಿ ಭಗವಾನ್ ಬುದ್ಧರು ವೈದ್ಯ ಜೀವಕನಿಗೆ ಮಾಂಸದ ವಿಷಯ ತಿಳಿಹೇಳುತ್ತಾರೆ. ತಮಗಾಗಲಿ ಭಿಕ್ಖುಗಳಿಗಾಗಲಿ ಉಣಬಡಿಸಲೆಂದು ಪ್ರಾಣಿಯನ್ನು ಕೊಲ್ಲುವವನಿಗೆ ಐದು ಬಗೆಯಲ್ಲಿ ಪಾಪ ಅಂಟುತ್ತದೆ ಎನ್ನುತ್ತಾರೆ. ಪ್ರಾಣಿಯನ್ನು ಹಿಡಿದು ತರಲು ಹೇಳುವುದು ಒಂದು. ಕೊರಳಿಗೆ ಹಗ್ಗ ಹಾಕಿ ಎಳೆದು ತರುವಾಗ ಅದು ಪಡುವ ನೋವು ಎರಡು. ಕೊಲ್ಲಲು ಹೇಳುವುದು ಮೂರು. ಕೊಲ್ಲುವಾಗಿನ ನೋವು ನಾಲ್ಕು. ಸಲ್ಲದ ಊಟ ಬಡಿಸುವುದು ಐದು.

ಎರಡನೆಯದನ್ನು ಗಮನಿಸಿ. ಹೇಗೂ ಸಾಯುವ ಪ್ರಾಣಿ, ದಾರಿಯ ನೋವಿಗೇನು ಲೆಕ್ಕ ಎಂದು ಬುದ್ಧರು ಬಿಡಲಿಲ್ಲ. ಸಾವಿನ ನೋವು ಬೇರೆ, ಹಗ್ಗದ ನೋವು ಬೇರೆ ಎಂದು ಎಣಿಸಿದರು. ಹಾಗಾದರೆ ಸಾವನ್ನು ಇಂದೇ ತಡೆಯಲಾಗದ ಕಡೆಯೂ ಹಗ್ಗದ ನೋವನ್ನು ಕಡಿಮೆ ಮಾಡಬಹುದು.

ನಮ್ಮದು ಕೆಂಗುರಿಯ ಸೀಮೆ. ಮುದಗಲ್ಲಿನ ಸುತ್ತ ಕುರಿ ಸಾಕಿ ಬದುಕುವವರಿದ್ದಾರೆ, ಮಾಂಸ ಮಾರಿ ಬದುಕುವವರಿದ್ದಾರೆ. ನಮ್ಮ ಎಷ್ಟೋ ಮನೆಗಳಲ್ಲೂ ಮಾಂಸದ ಅಡುಗೆ ಆಗುತ್ತದೆ. ಅದನ್ನು ಮುಚ್ಚಿಟ್ಟು ಕರುಣೆಯ ಮಾತಾಡುವುದು ಬೇಡ. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದಲ್ಲಿ ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂದು ವಿವರಿಸಿದ್ದಾರೆ. ಅಗತ್ಯ ಎಂದುಕೊಂಡವನಿಗೂ ಹಿಂಸಿಸುವ ಹಕ್ಕಿಲ್ಲ. ಟಂಟಂನಲ್ಲಿ ಕಾಲೂರಲು ಜಾಗವಿಲ್ಲದಂತೆ ತುಂಬಿದ ಆಡುಗಳು, ಬೈಕಿಗೆ ತಲೆಕೆಳಗಾಗಿ ನೇತುಹಾಕಿದ ಕೋಳಿಗಳು... ಈ ನೋವಿನಿಂದ ಯಾರ ಹಸಿವೂ ತೀರುವುದಿಲ್ಲ.

ಲಿಂಗಸುಗೂರು ದಾಟಿ ಹೋದರೆ ಮಸ್ಕಿ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಜಗತ್ತಿಗೆ ತಿಳಿಸಿದ ಶಾಸನ 1915ರಲ್ಲಿ ಸಿಕ್ಕಿದ್ದು ಅಲ್ಲಿಯ ಬಂಡೆಯ ಮೇಲೆ. ಅದೇ ಅಶೋಕ ಪಟ್ಟವೇರಿ 26 ವರ್ಷವಾದಾಗ ಉತ್ತರ ಭಾರತದ ಕಂಬಗಳ ಮೇಲೆ ಒಂದು ನಿಯಮ ಕೆತ್ತಿಸಿದ. ಗಬ್ಬವಾದ, ಹಾಲುಣಿಸುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದು. ಆರು ತಿಂಗಳು ತುಂಬದ ಮರಿಗಳನ್ನೂ ಕೊಲ್ಲಬಾರದು. ಮಾಂಸವನ್ನೇ ಪೂರ್ತಿ ನಿಷೇಧಿಸಲಿಲ್ಲ, ಮಿತಿ ಹಾಕಿದ.

ಇಂದಿನ ಕಾನೂನಿನಲ್ಲೂ ಅದೇ ದನಿ ಕೇಳುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 2001ರಲ್ಲಿ ಕಸಾಯಿಖಾನೆ ನಿಯಮಗಳು ಬಂದವು:

▪️ ಪಟ್ಟಣದೊಳಗೆ ಪರವಾನಗಿ ಇರುವ ಕಸಾಯಿಖಾನೆಯಲ್ಲೇ ಕೊಯ್ಯಬೇಕು.
▪️ ಗಬ್ಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿ, ಅಂಥ ಮರಿಯ ತಾಯಿ, ಇವನ್ನು ಕೊಯ್ಯುವಂತಿಲ್ಲ.
▪️ ಪಶುವೈದ್ಯರು ಪರೀಕ್ಷಿಸಬೇಕು. ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ನೋಡುವಂತಿಲ್ಲ.
▪️ ಪರೀಕ್ಷೆಯ ನಂತರ 24 ಗಂಟೆ ವಿಶ್ರಾಂತಿ ಕೊಡಬೇಕು.
▪️ ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು.

ಈ ಕೊನೆಯ ನಿಯಮವನ್ನು ಇನ್ನೊಮ್ಮೆ ಓದಿ. ಪ್ರಾಣಿಗೂ ಭಯವಿದೆ ಎಂದು ಸರ್ಕಾರದ ಕಾಗದವೇ ಒಪ್ಪಿದೆ.

ಕಸಾಯಿಖಾನೆಗಳ ನಿಯಂತ್ರಣವನ್ನು ಸಂವಿಧಾನದ 12ನೇ ಅನುಸೂಚಿಯು ಪುರಸಭೆಗಳ ಕೆಲಸಗಳ ಪಟ್ಟಿಯಲ್ಲಿ ಸೇರಿಸಿದೆ. ರಸ್ತೆ, ಚರಂಡಿ, ಕುಡಿಯುವ ನೀರು ಕೇಳುವ ನಾವು ಇದನ್ನೂ ಕೇಳಬಹುದು. ಪ್ರಾಣಿಗಳಿಗೆ ನೆರಳು, ನೀರಿನ ತೊಟ್ಟಿ, ಒಂದು ಮರೆಗೋಡೆ, ವೈದ್ಯರ ತಪಾಸಣೆ, ಕೆಲಸಗಾರರಿಗೆ ತರಬೇತಿ. ದೊಡ್ಡ ಬೇಡಿಕೆಯೇನಲ್ಲ.

ಆದರೆ ಎಚ್ಚರ. ನಿಯಮದ ಹೆಸರಿನಲ್ಲಿ ಕಸಾಯಿ ಕೆಲಸದವರನ್ನು ಹೀಯಾಳಿಸುವುದು, ಬಕ್ರೀದಿಗಷ್ಟೇ ಬೆರಳು ತೋರಿಸಿ ನಮ್ಮೂರ ಜಾತ್ರೆಯನ್ನು ಮರೆಯುವುದು ಧಮ್ಮವಲ್ಲ. ಕೂಟದಂತ ಸುತ್ತದಲ್ಲಿ ಬುದ್ಧರು ಮೆಚ್ಚಿ ಹೇಳಿದ ಯಜ್ಞದಲ್ಲಿ ದನ, ಆಡು, ಕೋಳಿ ಸಾಯಲಿಲ್ಲ. ಆಳುಗಳೂ ಏಟಿಗೆ ಹೆದರಿ, ಅಳುತ್ತ ದುಡಿಯಲಿಲ್ಲ. ಎರಡನ್ನೂ ಒಟ್ಟಿಗೇ ಹೇಳಿದ್ದಾರೆ.

ನೋವಿಲ್ಲದೆ ಕೊಂದರೆ ಸರಿಯೇ ಎಂದು ಕೆಲವರು ಕೇಳಬಹುದು. ಇಲ್ಲ. ಮೊದಲ ಶೀಲ ಇದ್ದಲ್ಲಿಯೇ ಇದೆ. ನಿಯಮ ಅದರ ಜಾಗಕ್ಕೆ ಬರುವುದಿಲ್ಲ, ಅದರ ಕಡೆಗೆ ಒಂದು ಮೆಟ್ಟಿಲಾಗುತ್ತದೆ. ಅಶೋಕನೂ ತನ್ನ ಏಳನೇ ಸ್ತಂಭ ಶಾಸನದಲ್ಲಿ, ನಿಯಮದಿಂದ ಆದದ್ದು ಕಡಿಮೆ, ಮನವರಿಕೆಯಿಂದ ಆದದ್ದೇ ಹೆಚ್ಚು ಎಂದು ಒಪ್ಪಿಕೊಂಡ. ನಿಯಮ ಕೈಯನ್ನು ತಡೆಯುತ್ತದೆ, ಮನಸ್ಸನ್ನು ಮೆತ್ತಗೆ ಮಾಡುವುದು ನಮ್ಮ ಅಭ್ಯಾಸ.

*ಇಂದಿನ ಅಭ್ಯಾಸ:* ಸಂತೆಯಲ್ಲಿ ಕೋಳಿಯನ್ನೋ ಕುರಿಯನ್ನೋ ಕಂಡಾಗ ಒಂದು ಕ್ಷಣ ನಿಂತು, ಅದರ ಹಗ್ಗ ನನ್ನ ಕೊರಳಲ್ಲಿದ್ದರೆ ಎಂದು ಯೋಚಿಸೋಣ. ಕಾಲು ಕಟ್ಟಿ ತಲೆಕೆಳಗೆ ಒಯ್ಯುವವರಿಗೆ ಬುಟ್ಟಿಯಲ್ಲಿ ಒಯ್ಯಿರೆಂದು ಮೆಲ್ಲಗೆ ಹೇಳೋಣ.

ಸಕಲ ಜೀವಿಗಳಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು ☸️