ಉಳಿದ ಕಲ್ಲು, ಉಳಿಸುವ ಮನಸ್ಸು



ಹಳೆಯ ಮನೆಯ ದುರಸ್ತಿ ಮುಗಿದಾಗ ಹೊಸ ನೆಲ ಹೊಳೆಯುತ್ತದೆ, ಗುರುಗಳು ಬಂದು ಪವಿತ್ರ ಜಲ ಚಿಮುಕಿಸಿ ಮನೆಯನ್ನು ಆಶೀರ್ವದಿಸುತ್ತಾರೆ. ಆದರೆ ಕಾಂಪೌಂಡಿನ ಮೂಲೆಯಲ್ಲಿ ಒಂದು ರಾಶಿ ಉಳಿದಿರುತ್ತದೆ. ಅಡುಗೆ ಕಟ್ಟೆಗೆ ಕೊಯ್ದು ಮಿಕ್ಕ ಗ್ರಾನೈಟ್ ತುಂಡು, ಕಿತ್ತು ತೆಗೆದ ಕಡಪಾ ಕಲ್ಲು, ಶಹಾಬಾದ್ ಕಲ್ಲಿನ ಚಪ್ಪಡಿ, ಹಳೆಯ ಗೋಡೆಯ ಸೈಜುಗಲ್ಲು, ಕರಾವಳಿಯಾದರೆ ಕೆಂಪುಕಲ್ಲು. "ಟ್ರ್ಯಾಕ್ಟರಿನವನಿಗೆ ದುಡ್ಡು ಕೊಟ್ಟರೆ ಎಲ್ಲಾದರೂ ಸುರಿದು ಬರುತ್ತಾನೆ ಬಿಡಿ" ಎನ್ನುತ್ತೇವೆ.

ಈ 'ಎಲ್ಲಾದರೂ' ಎಂಬ ಜಾಗ ಯಾವುದು? ಅದು ಕೆರೆಯ ಅಂಚು, ಮಳೆನೀರಿನ ಕಾಲುವೆ, ಬಡವರ ಕೇರಿಯ ಹಿಂಬದಿ. ನಮ್ಮ ಅಂಗಳ ಚೊಕ್ಕಟವಾಗುತ್ತದೆ. ಮಳೆ ಬಂದಾಗ ನೀರು ನುಗ್ಗುವುದು ಮತ್ತೊಬ್ಬರ ಮನೆಗೆ. ಕಟ್ಟಡದ ಅವಶೇಷಗಳನ್ನು ರಸ್ತೆಗೂ ಚರಂಡಿಗೂ ಸುರಿಯಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ನಿಯಮ ಹೊರಡಿಸಿತು. ನೆರೆಯವರನ್ನು ನಮ್ಮಂತೆಯೇ ಪ್ರೀತಿಸಬೇಕೆಂಬ ಆಜ್ಞೆಯಾದರೋ ಅದಕ್ಕಿಂತ ಎಷ್ಟೋ ಹಳೆಯದು.

ಬೈಬಲ್ಲಿನಲ್ಲಿ ನೆಹೆಮೀಯನ ಗ್ರಂಥವನ್ನು ತೆರೆದು ನೋಡಿ. ಜೆರುಸಲೇಮಿನ ಗೋಡೆ ಬಿದ್ದು ಹಾಳಾಗಿತ್ತು. ಅದನ್ನು ಮತ್ತೆ ಕಟ್ಟಲು ಹೊರಟವರನ್ನು ಸನ್ಬಲ್ಲಟನು ಗೇಲಿ ಮಾಡಿದನು. ಸುಟ್ಟು ಕಸದ ರಾಶಿಯಾದ ಕಲ್ಲುಗಳಿಗೆ ಇವರು ಜೀವ ತುಂಬುತ್ತಾರೆಯೇ ಎಂದು ಕೇಳಿದನು. ಆ ಜನ ಉತ್ತರ ಕೊಟ್ಟದ್ದು ಕೈಕೆಲಸದಿಂದ. ಮೂರನೆಯ ಅಧ್ಯಾಯವು ಕುಟುಂಬಗಳ ದೊಡ್ಡ ಪಟ್ಟಿ. ಅಕ್ಕಸಾಲಿಗರು, ವ್ಯಾಪಾರಿಗಳು, ಯಾಜಕರು ಎಲ್ಲರೂ ಅಲ್ಲಿದ್ದಾರೆ. ಶಲ್ಲೂಮನು ತನ್ನ ಹೆಣ್ಣುಮಕ್ಕಳೊಡನೆ ದುಡಿದನು. ಎಷ್ಟೋ ಮಂದಿ ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ಸರಿಪಡಿಸಿದರು. 52 ದಿನಗಳಲ್ಲಿ ಗೋಡೆ ಎದ್ದು ನಿಂತಿತು. ದೇವರ ಕೆಲಸಕ್ಕೆ ಹಾಳುಬಿದ್ದ ಕಲ್ಲು ಅಡ್ಡಿಯಾಗಲಿಲ್ಲ.

ನಮ್ಮ ಮನೆಯ ಎದುರಿನ ರಾಶಿಗೂ ಇದೇ ಮಾತು ಸಲ್ಲುತ್ತದೆ. ಮೊದಲು ಮಕ್ಕಳನ್ನು ಕರೆದುಕೊಂಡು ಅದನ್ನು ಬೇರೆ ಬೇರೆ ಮಾಡಿರಿ. ಗ್ರಾನೈಟ್ ತುಂಡು ಕಿಟಕಿಯ ಅಡಿಗಲ್ಲಾಗಬಹುದು, ಹೊಸ್ತಿಲಾಗಬಹುದು, ಪ್ರಾರ್ಥನೆಯ ಮೂಲೆಯಲ್ಲಿ ಶಿಲುಬೆಯನ್ನೂ ಮಾತೆ ಮರಿಯಮ್ಮನವರ ಸ್ವರೂಪವನ್ನೂ ಇಡುವ ಪೀಠವಾಗಬಹುದು. ನಯಮಾಡಿದ ಮುಖ ಒದ್ದೆಯಾದರೆ ಜಾರುತ್ತದೆ. ಆದ್ದರಿಂದ ಮೆಟ್ಟಿಲಿಗೆ ಹಾಸುವಾಗ ಒರಟು ಮುಖ ಮೇಲಿರಲಿ. ಕಡಪಾ, ಶಹಾಬಾದ್ ಎರಡೂ ಸುಣ್ಣಕಲ್ಲಿನ ಜಾತಿಯವು. ನಿಂಬೆರಸ, ಆಸಿಡ್ ಬಿದ್ದರೆ ಕಲೆಯಾಗುತ್ತದೆ. ಅವು ಅಡುಗೆ ಕಟ್ಟೆಗಿಂತ ಕಪಾಟಿನ ಹಲಗೆಗೂ ಅಂಗಳದ ಹಾದಿಗೂ ಒಳ್ಳೆಯವು. ಹಾದಿಯ ಕಲ್ಲನ್ನು ಸಿಮೆಂಟಿನ ಬದಲು ಮರಳಿನ ಮೇಲೆ ಕೂರಿಸಿದರೆ ಮಳೆನೀರು ಸಂದಿನಲ್ಲಿ ಇಂಗುತ್ತದೆ. ಕೆಂಪುಕಲ್ಲು ಗಿಡದ ಪಾತಿಯ ಸುತ್ತ ನಿಲ್ಲಲಿ. ಒಡೆದ ಚೂರುಗಳೂ ಇಂಗುಗುಂಡಿಯ ತಳಕ್ಕೆ ಬೇಕು. ಕಲ್ಲು ಕೊಯ್ಯುವಾಗ ಏಳುವ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಕೆಲಸಗಾರನು ನೀರು ಹಾಕಿಕೊಂಡು ಕೊಯ್ಯುವಂತೆಯೂ ಮೂಗು ಬಾಯಿ ಮುಚ್ಚಿಕೊಳ್ಳುವಂತೆಯೂ ನೋಡಿಕೊಳ್ಳುವುದು ಮನೆಯ ಯಜಮಾನನ ಹೊಣೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ.

ವಿಶ್ವಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ, ಬಳಸಿ ಬಿಸಾಡುವ ಸಂಸ್ಕೃತಿಯು ವಸ್ತುಗಳನ್ನು ಕಸ ಮಾಡುವುದಲ್ಲದೆ ಬದಿಗೊತ್ತಲ್ಪಟ್ಟ ಜನರನ್ನೂ ಬಾಧಿಸುತ್ತದೆ ಎಂದು ಎಚ್ಚರಿಸಿದರು. ಈ ಮಾತನ್ನು ನಮ್ಮ ಮನೆಯೊಳಗೇ ಪರೀಕ್ಷಿಸಿ ನೋಡೋಣ. ದುರಸ್ತಿಯಲ್ಲಿ ಅನೇಕ ಸಲ ಮೊದಲು ಹೋಗುವುದು ಜಗಲಿ, ಏಕೆಂದರೆ ವಾಹನ ನಿಲ್ಲಿಸಲು ಜಾಗ ಬೇಕು. ಸಂಜೆ ಅದೇ ಜಗಲಿಯಲ್ಲಿ ಕುಳಿತು ಜಪಮಾಲೆ ಹೇಳುತ್ತಾ, ಹೋಗಿಬರುವವರನ್ನು ಮಾತನಾಡಿಸುತ್ತಾ ಇದ್ದ ಅಜ್ಜಿ ಈಗ ಒಳಕೋಣೆಯ ಮಂಚಕ್ಕೆ ಸೇರಿಬಿಡುತ್ತಾರೆ. ಯಾರೂ ಅವರನ್ನು ಹೊರಗೆ ಹಾಕಲಿಲ್ಲ, ನಿಜ. ಆದರೆ ಅವರು ಕೂರುವ ಜಾಗ ಮನೆಯಲ್ಲಿ ಇಲ್ಲವಾಯಿತು.

ಆ ರಾಶಿಯಿಂದ ಮೊದಲು ಅವರಿಗೊಂದು ಕಟ್ಟೆ ಕಟ್ಟಿರಿ. ಬಾಗಿಲ ಬಳಿ ನೆರಳಿರುವ ಕಡೆ, ಕುಳಿತೇಳಲು ಹಿತವಾಗುವಂತೆ ಒಂದೂವರೆ ಅಡಿ ಎತ್ತರ ಸೈಜುಗಲ್ಲು ಕಟ್ಟಿ ಮೇಲೆ ಚಪ್ಪಡಿ ಹಾಸಿರಿ. ಅಡುಗೆ ಕಟ್ಟೆಯ ತೆಳು ಗ್ರಾನೈಟನ್ನು ಎರಡು ಕಲ್ಲುಗಳ ನಡುವೆ ಸುಮ್ಮನೆ ಇಟ್ಟರೆ ಭಾರಕ್ಕೆ ಮುರಿದೀತು. ಅಡಿಯಲ್ಲಿ ಪೂರ್ತಿ ಆಧಾರವಿರಲಿ. ಆನಂತರ ನೆರೆಯವರನ್ನು ನೆನೆಯಿರಿ. ಮಳೆಗಾಲದಲ್ಲಿ ಕೆಸರು ತುಳಿದು ಒಳಗೆ ಹೋಗುವ ಮನೆ ನಮ್ಮ ಧರ್ಮಕೇಂದ್ರದಲ್ಲಿ ಯಾವುದು? ಸಂತ ವಿನ್ಸೆಂಟ್ ದಿ ಪೌಲ್ ಸಭೆಯವರನ್ನು ಕೇಳಿದರೆ ತಿಳಿದೀತು. ಅವರಿಗೆ ಕೊಡುವಾಗ ಒಡೆದ ಚೂರು ಬೇಡ, ಇಡಿಯ ಕಲ್ಲು ಕೊಡಿ. ತೊಳೆದು ಅವರ ಬಾಗಿಲಿಗೇ ಮುಟ್ಟಿಸಿ.

ಐದು ಸಾವಿರ ಮಂದಿಗೆ ಉಣಬಡಿಸಿದ ಯೇಸುಸ್ವಾಮಿ, ಉಳಿದ ರೊಟ್ಟಿಯ ತುಂಡುಗಳೂ ಹಾಳಾಗದಂತೆ ಕೂಡಿಸಲು ಶಿಷ್ಯರಿಗೆ ಹೇಳಿದರು. ಅಷ್ಟೊಂದು ಕೊಡಬಲ್ಲವರು ತುಂಡನ್ನೂ ಕಡೆಗಣಿಸಲಿಲ್ಲ. ಕಟ್ಟುವವರು ತಳ್ಳಿಬಿಟ್ಟ ಕಲ್ಲಿನ ಕುರಿತು 118ನೆಯ ಕೀರ್ತನೆ ಹಾಡುವುದನ್ನು ಅವರು ತಮಗೇ ಅನ್ವಯಿಸಿಕೊಂಡರು. ಸಂತ ಪೇತ್ರರು ನಮ್ಮನ್ನು ಜೀವಂತ ಕಲ್ಲುಗಳೆಂದು ಕರೆಯುತ್ತಾರೆ. ಅಂಥ ಮನೆಯಲ್ಲಿ ಬೇಡದ ಕಲ್ಲೂ ಇಲ್ಲ, ಬೇಡದ ಮನುಷ್ಯರೂ ಇಲ್ಲ.

ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋದಾಗ ಆ ರಾಶಿಯ ಮುಂದೆ ಒಂದು ಕ್ಷಣ ನಿಲ್ಲಿ. ಬಳಿಕ ಒಳಗೆ ಹೋಗಿ ಹಿರಿಯರನ್ನು ಕೇಳಿ: "ಅಮ್ಮಾ, ನಿಮಗೆ ಎಲ್ಲಿ ಕೂರಲು ಇಷ್ಟ?" ಕೆಲಸ ಅಲ್ಲಿಂದ ಆರಂಭವಾಗಲಿ. ದೇವರು ನಿಮ್ಮ ಮನೆಯನ್ನು ಹರಸಲಿ.